ತೂಕದ ಮನುಷ್ಯ

ಕಾರ್ತೀಕದಲ್ಲಿ ಮೋಡ ಕವಿದರೆ ನಮ್ಮ ಆಫೀಸಿನಲ್ಲಿ ಹಬ್ಬ. "ಏನ್ ಹವಾ ಬಿದ್ದೈತ್ರೀ ಸರ್, ಮಿರ್ಚಿ ತರಸೂಣೇನ?" ಎಂದು ಒಬ್ಬರು ಕೇಳುವಷ್ಟರಲ್ಲಿ ಇನ್ನೊಬ್ಬರು ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಮಂಡಕ್ಕಿಗೆ ಜಾಗ ಮಾಡಿರುತ್ತಾರೆ. ರಾಣೆಬೆನ್ನೂರಿನ ಮಿರ್ಚಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಮೊದಲ ಮಿರ್ಚಿಯ ತುದಿ ಕಡಿಯುವ ಹೊತ್ತಿಗೆ ಸರಿಯಾಗಿ ಜೇಬಿನಲ್ಲಿ ಫೋನು ನಡುಗುತ್ತದೆ. ಊರಿಂದ ಅಣ್ಣ. ಉಂಡೆಯಾ, ಹುಡುಗರು ಹೇಗಿದ್ದಾರೆ ಎಂಬುದೆಲ್ಲ ಇಲ್ಲ. "ಅಲ್ಲಿ ಹೆಂಗೈತಿ?"

ಹೇಗಿದೆ ಎಂದು ಕೇಳುವುದು ಆಕಾಶವನ್ನು. ನಾನು ಮಿರ್ಚಿ ಬಿಟ್ಟು ತಾರಸಿಗೆ ಹೋಗುತ್ತೇನೆ. "ಮೂಡಣಕ ಸ್ವಲ್ಪ ಕಪ್ಪೈತಿ" ಎನ್ನುತ್ತೇನೆ. "ಸ್ವಲ್ಪ ಅಂದ್ರ ಎಷ್ಟ?" ಎನ್ನುತ್ತಾನೆ. ಮೋಡವನ್ನು ಅಳೆದು ಹೇಳುವ ಮಾಪು ನನ್ನ ಬಳಿ ಇಲ್ಲ. "ಗಾಳಿ ಯಾ ಕಡಿಂದ ಐತಿ?" ಎಂಬ ಮುಂದಿನ ಪ್ರಶ್ನೆಗೆ ಬೆರಳು ಒದ್ದೆ ಮಾಡಿ ಮೇಲೆತ್ತಿ ಹಿಡಿಯುತ್ತೇನೆ. ಬೆರಳಿಗೆ ಮೊದಲೇ ಎಣ್ಣೆ ಹತ್ತಿರುತ್ತದೆ, ಗಾಳಿ ತಾಗಿದ್ದೂ ತಿಳಿಯುವುದಿಲ್ಲ. ಕೆಳಗೆ ಬಂದು ನೋಡಿದರೆ ಮಿರ್ಚಿ ಇರುವುದಿಲ್ಲ, ಮೆಣಸಿನಕಾಯಿಯ ತೊಟ್ಟುಗಳು ಇರುತ್ತವೆ.

ನಮ್ಮ ಮನೆಯಲ್ಲಿ ಹವಾಮಾನದ ಕೆಲಸವನ್ನು ಹಂಚಿಕೊಂಡಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಪಡುವಣದಿಂದ, ಹಾನಗಲ್ಲ ಸೀಮೆಯಿಂದ ಬರುತ್ತದೆ. ಆ ನಾಲ್ಕು ತಿಂಗಳು ಅಲ್ಲಿಗೆ ಕೊಟ್ಟ ಅಕ್ಕನ ಪಾಳಿ. ದಸರೆ ದಾಟಿತೆಂದರೆ ಗಾಳಿ ತಿರುಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದು, ತಮಿಳುನಾಡಿಗೆ ಹೊಯ್ಯಬೇಕಾದ ಮಳೆಯ ಸೆರಗು ಚಿತ್ರದುರ್ಗ, ದಾವಣಗೆರೆ ದಾಟಿ ನಮ್ಮ ಕಡೆಗೂ ಬೀಸುತ್ತದೆ. ಆಗ ನನ್ನ ಪಾಳಿ. ರಾಣೆಬೆನ್ನೂರಿಗೆ ಹನಿದರೆ ಬ್ಯಾಡಗಿಗೆ ಅರ್ಧ ತಾಸು, ಹಾವೇರಿಗೆ ಒಂದು ತಾಸು ಎಂಬುದು ಅಣ್ಣನ ಸಿದ್ಧಾಂತ. ನಮ್ಮೂರು ಮೋಟೆಬೆನ್ನೂರಿನಿಂದ ಒಳಗಡೆ, ಬ್ಯಾಡಗಿ ತಾಲೂಕು. ಹೀಗಾಗಿ ನನ್ನ ಒಂದು ಮಾತಿನಿಂದ ಅವನಿಗೆ ಅರ್ಧ ತಾಸು ಸಿಕ್ಕಬೇಕು. ಮೋಡಗಳಿಗೆ ಈ ಸಿದ್ಧಾಂತ ಯಾರೂ ಹೇಳಿಕೊಟ್ಟಿಲ್ಲ. ಎಷ್ಟೋ ಸಲ ಅವು ನನ್ನ ತಲೆಯ ಮೇಲೆ ಸುಮ್ಮನೆ ಹಾದು, ಹಾವೇರಿಯಲ್ಲಿ ಸುರಿದು, ಉಳಿದದ್ದನ್ನು ಬ್ಯಾಡಗಿಗೆ ತಂದು ಚೆಲ್ಲಿವೆ. ಅದಕ್ಕೂ ಅಣ್ಣ ನನ್ನನ್ನೇ ಕೇಳುತ್ತಾನೆ.

ಇಷ್ಟಕ್ಕೂ ಅವನ ಜೀವ ಯಾವುದಕ್ಕೆ ಹೊಡೆದುಕೊಳ್ಳುತ್ತದೆ? ಬೆಳೆಗಲ್ಲ, ಹೊಲದಲ್ಲಿ ಬಿದ್ದ ಮೇವಿಗೆ. ಅಪ್ಪನ ಕಾಲಕ್ಕೆ ಇಲ್ಲಿ ಜೋಳ, ಹತ್ತಿ, ಮೆಣಸಿನಗಿಡ. ಜೋಳದ ಕಣಕಿಯನ್ನು ದನಗಳು ಕಣ್ಣುಮುಚ್ಚಿ ಮೆಲ್ಲುತ್ತಿದ್ದವು. ಈಗ ಹಾವೇರಿ ಜಿಲ್ಲೆಯಲ್ಲಿ ಮುಂಗಾರಿಗೆ ಯಾವ ಕಡೆ ನೋಡಿದರೂ ಗೋವಿನಜೋಳ. ಹೆಸರಿನಲ್ಲೇ ಗೋವು ಇದ್ದರೂ ಅದರ ಒಣ ದಂಟನ್ನು ನಮ್ಮ ಗೋವು ಮೂಸಿ ಮುಖ ತಿರುಗಿಸುತ್ತದೆ. ಕತ್ತರಿಸಿ, ಶೇಂಗಾ ಹೊಟ್ಟು ಬೆರೆಸಿ, ಮೇಲೆ ಉಪ್ಪುನೀರು ಚಿಮುಕಿಸಿ ಒಲಿಸಬೇಕು. ಕಾಳಿಗೆ ಪೇಟೆಯಲ್ಲಿ ಬೆಲೆ ಇದೆ, ಸೊಪ್ಪಿಗೆ ಇಲ್ಲ. ಅದಕ್ಕೇ ತೆನಿ ಮುರಿಯುವವರು, ಒಕ್ಕುವ ಮಷಿನ್ನು, ಟ್ರ್ಯಾಕ್ಟರು ಎಲ್ಲ ಮೊದಲು ಕಾಳಿಗೆ ಒದಗುತ್ತವೆ. ಕಾಳು ರಸ್ತೆ ಸೇರುತ್ತದೆ, ಸೊಪ್ಪಿ ಹೊಲದಲ್ಲೇ ಪಾಳಿ ಕಾಯುತ್ತ ನಿಲ್ಲುತ್ತದೆ. ದೀಪಾವಳಿ ಬಂದು ಹೋರಿ ಹಬ್ಬ ಮುಗಿದು ಕೂಲಿಯವರು ಸಿಗುವ ಹೊತ್ತಿಗೆ ಸ್ವಾತಿ ಕಳೆದು ವಿಶಾಖೆ ಕೂತಿರುತ್ತದೆ. ತಡವಾಗುವುದು ಸೋಮಾರಿತನದಿಂದಲ್ಲ, ಮೇವಿನ ಸರದಿ ಯಾವಾಗಲೂ ಕೊನೆಯದು.

ರಸ್ತೆ ಎಂದೆನಲ್ಲ, ಅದೂ ಒಂದು ನೋಟ. ಹೆದ್ದಾರಿಗೆ ನಂಬರು ಬದಲಾಗಿ 48 ಆಗಿ ಎಷ್ಟೋ ವರ್ಷವಾದರೂ ನಮ್ಮವರ ಬಾಯಲ್ಲಿ ಅದು ಇನ್ನೂ ಎನ್ಎಚ್ ಫೋರ್. ನವೆಂಬರಿನಲ್ಲಿ ಅದರ ಸರ್ವಿಸ್ ರಸ್ತೆಯ ಅರ್ಧ ಭಾಗ ಹಳದಿ. ಗೋವಿನಜೋಳ ಹರವಿ, ಅಂಚಿಗೆ ಕಲ್ಲಿಟ್ಟು, ತುದಿಯಲ್ಲಿ ಒಬ್ಬ ಮುದುಕನನ್ನು ಕೂರಿಸಿರುತ್ತಾರೆ. ರಸ್ತೆ ಮೇಲೆ ಹಾಕಬೇಡಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ. ಹೇಳುವವರ ಮನೆಯ ಕಾಳೂ ಯಾವುದೋ ಊರಿನ ರಸ್ತೆಯಲ್ಲಿ ಒಣಗುತ್ತಿರಬಹುದು. ಒಂದು ಹನಿ ಬಿದ್ದರೆ ಸಾಕು, ಮೋಟೆಬೆನ್ನೂರಿನಿಂದ ಕಾಕೋಳದವರೆಗೆ ತಾಡಪತ್ರಿಗಳು ಹಾರಾಡುತ್ತವೆ. ಬ್ಯಾಡಗಿ ಪೇಟೆಯ ವರ್ತಕರೂ ಆ ಹೊತ್ತಿಗೆ ಅಂಗಡಿಯಿಂದ ಹೊರಗೆ ಬಂದು ಕತ್ತೆತ್ತಿರುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಮಾರಾಟವಾಗುವ ಕಾಯಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದದ್ದೂ, ತುಟಿಗೆ ಹಚ್ಚುವ ರಂಗಿನವರೆಗೆ ಅದರ ಸತ್ವ ಹೋಗುವುದೂ ಆ ಕೆಂಪಿನಿಂದಲೇ. ಮಳೆಗೆ ಸಿಕ್ಕ ಕಾಯಿಯ ಮೇಲೆ ಬಿಳಿಯ ಮಚ್ಚೆ ಏಳುತ್ತದೆ, ಬೆಲೆ ಅಲ್ಲಿಗೇ ಕುಸಿಯುತ್ತದೆ. ಹೀಗೆ ಒಂದೇ ಮೋಡದ ಕೆಳಗೆ ಕೆಂಪಿನವರು, ಹಳದಿಯವರು, ಒಣಹುಲ್ಲಿನವರು ಎಲ್ಲರೂ ಒಂದೇ ಭಂಗಿಯಲ್ಲಿ ನಿಲ್ಲುವ ಕಾಲ ಇದು.

ಹುಲ್ಲು ಒಣಗಿಸುವುದೆಂದರೆ ಕೊಯ್ದು ಬಿಸಿಲಿಗೆ ಬಿಡುವುದು ಎಂದುಕೊಂಡಿದ್ದವನು ನಾನು. ಅತ್ತಿಗೆಯ ಹಿಂದೆ ಬದುವಿನ ಮೇಲೆ ನಡೆದ ಮೇಲೆ ಅದರ ತಂಟೆ ತಿಳಿಯಿತು. ಕಾರ್ತೀಕದಲ್ಲಿ ಇಬ್ಬನಿ ಒಂಬತ್ತು ಹತ್ತು ಗಂಟೆಯವರೆಗೆ ಏಳುವುದಿಲ್ಲ. ನಾಲ್ಕು ದಾಟಿದರೆ ಬಿಸಿಲಿಗೆ ಕಸುವಿಲ್ಲ. ನಡುವೆ ಸಿಕ್ಕಷ್ಟೇ ಒಣಗು. ನಡುಮಧ್ಯಾಹ್ನ ಒಮ್ಮೆ ಮಗುಚಬೇಕು. ಹಾಗೆಂದು ಒಣಗಿತಲ್ಲ ಎಂದು ಅದೇ ಬಿಸಿಲಲ್ಲಿ ಸಿವುಡು ಕಟ್ಟಲು ಹೋದರೆ ಎಲೆ ಎಲ್ಲ ಪುಡಿಯಾಗಿ ಉದುರಿ ಕೈಯಲ್ಲಿ ಕಡ್ಡಿ ಉಳಿಯುತ್ತದೆ. ದನಕ್ಕೆ ಬೇಕಾದದ್ದು ಎಲೆ. ಆದ್ದರಿಂದ ಕಟ್ಟುವುದು ಮರುದಿನ ನಸುಕಿಗೆ, ಇಬ್ಬನಿಯ ಪಸೆ ಎಲೆಯನ್ನು ಮೆದು ಮಾಡಿದ್ದಾಗ. ಒಟ್ಟುವುದು ಮತ್ತೆ ಆ ಪಸೆ ಆರಿದ ಮೇಲೆ. ಇಡೀ ದಿನ ನೀರಿನ ಮೇಲೆ ಹಲ್ಲು ಕಡಿದು, ಬೆಳಗಿನ ಜಾವ ಅದೇ ನೀರಿನ ಉಪಕಾರ ಪಡೆಯಬೇಕು.

ಒಣಗಿದೆಯೋ ಇಲ್ಲವೋ ನೋಡುವ ಅತ್ತಿಗೆಯ ರೀತಿಯೇ ಬೇರೆ. ಒಂದು ಹಿಡಿ ಹುಲ್ಲನ್ನು ಹಗ್ಗ ಹೊಸೆಯುವವರ ಹಾಗೆ ತಿರುವಿ ಕಿವಿಯ ಹತ್ತಿರ ಹಿಡಿಯುತ್ತಾಳೆ. ಸದ್ದು ಬರಬೇಕು, ಪುಡಿ ಬೀಳಬಾರದು. ಆಮೇಲೆ ಒಂದು ಕಡ್ಡಿಯ ಗೆಣ್ಣು ಹುಡುಕಿ ಹೆಬ್ಬೆರಳಿನ ಉಗುರಿನಿಂದ ಗೀರುತ್ತಾಳೆ. ಹುಲ್ಲು ಎಲ್ಲ ಕಡೆ ಒಣಗಿದರೂ ಗೆಣ್ಣು ಕೊನೆಗೆ ಒಣಗುತ್ತದಂತೆ. ಉಗುರಿಗೆ ಹಸಿರು ಹತ್ತಿದರೆ ಸೆರಗಿಗೆ ಒರೆಸಿಕೊಂಡು, "ಇನ್ನಾ ಒಂದಿನ" ಎನ್ನುತ್ತಾಳೆ. ನಾನೂ ಗೀರಿ ನೋಡಿದೆ. ಪಟ್ಟಣದ ಉಗುರು, ಚೊಕ್ಕವಾಗಿ ಕತ್ತರಿಸಿದ್ದು, ಗೆಣ್ಣಿಗೆ ನೋವಾಗಲಿಲ್ಲ.

ಈ ಅತ್ತಿಗೆಯೇ ಮನೆಯೊಳಗಿನ ವಿರೋಧ ಪಕ್ಷ. ಹಳ್ಳದಾಚೆ ಒಂದಿಷ್ಟು ಎರೆಹೊಲವಿದೆ. ಅದರಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ. ಅದರ ಯಜಮಾನಿಕೆ ಅವಳದು. ಸಸಿ ಆಗತಾನೇ ಎದ್ದಿರುತ್ತದೆ; ಒಂದು ಹದದ ಮಳೆ ಬಿದ್ದರೆ ಯುಗಾದಿಯವರೆಗೆ ಚಿಂತೆಯಿಲ್ಲ. ಅಣ್ಣನಿಗೆ ಒಂದು ಹನಿಯೂ ಬೀಳಬಾರದು. ಸಂಜೆ ಕಾರ್ತೀಕದ ದೀಪ ಹಚ್ಚಿ ಇಬ್ಬರೂ ಒಂದೇ ಜಗಲಿಯ ಮುಂದೆ ಕೈಮುಗಿದು ನಿಲ್ಲುತ್ತಾರೆ. ಬೇಡುವುದೇನೆಂದು ಒಬ್ಬರು ಇನ್ನೊಬ್ಬರನ್ನು ಕೇಳುವುದಿಲ್ಲ, ಗೊತ್ತಿರುತ್ತದೆ. ಮಳೆ ಬಂದರೆ ಅತ್ತಿಗೆ ನಗುವುದಿಲ್ಲ, ಅಣ್ಣನ ಜೊತೆ ತಾಡಪತ್ರಿಯ ಇನ್ನೊಂದು ತುದಿ ಹಿಡಿದು ಓಡುತ್ತಾಳೆ. ಆದರೆ ಆ ರಾತ್ರಿ ರೊಟ್ಟಿ ಬಡಿಯುವ ಸದ್ದಿನಲ್ಲಿ ಒಂದು ಹುರುಪು ಇರುತ್ತದೆ ಎಂದು ಅಣ್ಣನ ದೂರು. ಮಳೆ ಬಾರದೆ ಮೋಡ ಚದುರಿದರೆ ಅವನು ಗಂಗಾಳದ ಮುಂದೆ ಕುಳಿತು ಎರಡು ರೊಟ್ಟಿ ಹೆಚ್ಚಿಗೆ ಉಣ್ಣುತ್ತಾನೆ ಎಂದು ಅವಳದು. ದೇವರ ಪರಿಸ್ಥಿತಿ ನೆನೆದರೆ ನನಗೆ ಪಾಪ ಅನ್ನಿಸುತ್ತದೆ. ಒಂದು ಮನೆಯಿಂದ ಎರಡು ಅರ್ಜಿ. ತಾಲೂಕಿನಲ್ಲಿ ಇಂಥ ಮನೆಗಳೆಷ್ಟೋ.

ಅದಕ್ಕೇ ಇರಬೇಕು, ನಮ್ಮ ಕಡೆಯ ದೇವರು ಸ್ಪಷ್ಟವಾಗಿ ಮಾತಾಡುವುದಿಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮೈಲಾರಲಿಂಗನ ಸನ್ನಿಧಿ. ನವರಾತ್ರಿಯ ಹೊತ್ತಿಗೆ ಅಲ್ಲಿ ಕಾರಣಿಕ ನುಡಿಯುತ್ತಾರೆ. ಉಪವಾಸ ಇದ್ದ ಗೊರವಪ್ಪ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಗುಡ್ಡದ ತುಂಬ ನೆರೆದ ಮಂದಿ ಉಸಿರು ಬಿಗಿಹಿಡಿಯುತ್ತದೆ. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರುವಾಗುವುದು ನಿಜವಾದ ಕಾರಣಿಕ. ಆ ಸಾಲು ಮಳೆಗೆ ಹೇಳಿದ್ದೋ, ಬೆಳೆಗೋ, ಸರ್ಕಾರಕ್ಕೋ ಎಂದು ಚಹಾದಂಗಡಿಗಳಲ್ಲಿ ಕಾರ್ತೀಕ ಮುಗಿಯುವವರೆಗೆ ಅರ್ಥ ಬಿಡಿಸುತ್ತಾರೆ. ಅಣ್ಣನೂ ಹೋಗಿ ಕೇಳಿ ಬರುತ್ತಾನೆ, ಅತ್ತಿಗೆಯೂ. ಒಂದೇ ಸಾಲಿನಿಂದ ಅವನು ಒಣಗು ತಂದರೆ ಅವಳು ಹಸಿ ತರುತ್ತಾಳೆ.

ಮಳೆಗಳ ಹೆಸರಾದರೂ ಮೊದಲು ನಮ್ಮವೇ ಇದ್ದವು. ಮಿರ್ಗ, ಆರಿದ್ರ, ಹುಬ್ಬಿ, ಉತ್ತರಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇದ್ದು ಮುಂದೆ ಹೋಗುತ್ತಿದ್ದ, ಮಳೆಗೂ ಬಂದು ಹೋಗುವ ತಾರೀಖು ಇತ್ತು. ಚಿತ್ತಿ ಮಳೆಗೆ ಕಣ್ಣಿಲ್ಲ, ಎಲ್ಲಿ ಬೀಳಬೇಕೆಂದು ಅದಕ್ಕೆ ಕಾಣದು ಎಂದು ಅಜ್ಜಿ ಬೈಯುತ್ತಿದ್ದುದರಲ್ಲಿಯೂ ಒಂದು ಬಳಕೆ ಇತ್ತು, ಮನೆಯ ಕುರುಡು ಮುದುಕಿಯೊಬ್ಬಳ ಬಗ್ಗೆ ಮಾತಾಡಿದ ಸಲಿಗೆ. ಈಗ ಮಳೆ ತರುವ ಚಂಡಮಾರುತಗಳಿಗೆ ಹೆಚ್ಚಾಗಿ ಪರದೇಶದ ಹೆಸರು. 2020ರಲ್ಲಿ 13 ದೇಶಗಳು ತಲಾ 13 ಹೆಸರು ಕೊಟ್ಟು 169ರ ಪಟ್ಟಿ ಮಾಡಿಟ್ಟಿವೆ. ಡಿಸೆಂಬರ್ 2022ರ ಮ್ಯಾಂಡಸ್ ಯುಎಇಯವರು ಇಟ್ಟದ್ದು, ಖಜಾನೆಯ ಪೆಟ್ಟಿಗೆ ಎಂಬ ಅರ್ಥದ್ದು. 2023ರ ಮಿಚಾಂಗ್ ಮ್ಯಾನ್ಮಾರಿನದು, 2024ರ ಫೆಂಗಲ್ ಸೌದಿಯವರದು. ಒಣಹುಲ್ಲು ತೊಯ್ಯುವ ಭಯ ಅಷ್ಟಾಗಿ ಇಲ್ಲದ ಮರಳುನಾಡಿನವರು ಇಟ್ಟ ಹೆಸರನ್ನು ಹಿಡಿದು ಅಣ್ಣ ಬೈಯಲು ಹೋಗುತ್ತಾನೆ, ನಾಲಿಗೆ ಹೊರಳುವುದಿಲ್ಲ. ಬೈಗುಳ ಅರ್ಧಕ್ಕೆ ನಿಂತು ಅವನಿಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಇನ್ನು ಬಣವಿ. ಒಣಗಿಸುವುದು ಅತ್ತಿಗೆಯ ವಿದ್ಯೆಯಾದರೆ ಒಟ್ಟುವುದು ಕಾಕಾನ ವಿದ್ಯೆ. ಕೆಳಗೆ ಕಲ್ಲು, ಅದರ ಮೇಲೆ ಹತ್ತಿಕಟಿಗಿ ಅಡ್ಡಡ್ಡ ಹಾಸಬೇಕು. ಇಲ್ಲದಿದ್ದರೆ ನೆಲದ ತಂಪು ಏರುತ್ತದೆ, ಗೆದ್ದಲು ಹಿಂದೆಯೇ ಬರುತ್ತದೆ. ಸಿವುಡಿನ ಬುಡ ಹೊರಗೆ, ತಲೆ ಒಳಗೆ. ನಡುವಿನ ಹೊಟ್ಟೆ ಸದಾ ಅಂಚಿಗಿಂತ ಎತ್ತರ ಇರಬೇಕು, ಬಿದ್ದ ನೀರು ಹೊರಗೇ ಜಾರಿ ಹೋಗಬೇಕು. ಎದೆಮಟ್ಟ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಒಳಗೆಳೆದು ತಲೆ ಕಟ್ಟಬೇಕು. ಕಾಕಾ ಅಳತೆಗೋಲು ಮುಟ್ಟಿದವನಲ್ಲ. ಹತ್ತು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ, "ಮೂಡಗಡೆ ಹೊಟ್ಟಿ ಬಂದೈತಿ, ತೆಗೀರಿ" ಎಂದರೆ ಅಷ್ಟೂ ಪದರು ಬಿಚ್ಚಲೇಬೇಕು.

ಈ ಕಾಮಗಾರಿಯಲ್ಲಿ ನನಗೂ ಒಂದು ಹುದ್ದೆ ಇದೆ. ಸಿವುಡು ಕಟ್ಟಲು ಬಾರದು, ಎಸೆದರೆ ಬಣವಿಯನ್ನು ದಾಟಿ ಬೀಳುತ್ತದೆ, ಕೊಟ್ಟದ್ದನ್ನು ಜೋಡಿಸಿದರೆ ಕಾಕಾ ಬಂದು ಕಿತ್ತು ಹಾಕುತ್ತಾನೆ. ಹೀಗೆ ಒಂದೊಂದೇ ಕೆಲಸದಿಂದ ಬಡ್ತಿ ಪಡೆಯುತ್ತ ಕೊನೆಗೆ ನಾನು ಬಣವಿಯ ಮೇಲೇ ಹೋಗಿ ನಿಂತೆ. ಅಲ್ಲಿ ಮಾಡಬೇಕಾದದ್ದು ತುಳಿಯುವುದು. ಸುತ್ತ ತುಳಿಯುತ್ತ ಹೋಗಬೇಕು, ಪದರು ಕೂರಬೇಕು. ಸಡಿಲು ಉಳಿದರೆ ಗಾಳಿ ಹೊಕ್ಕು ತಲೆ ಕೀಳುತ್ತದೆ. ವಿದ್ಯೆ ಬೇಡ, ತೂಕ ಬೇಕು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತು ನಾನು ಗಳಿಸಿದ್ದು ಅದನ್ನೇ. "ನಿನ್ನಂಥಾ ತೂಕದ ಮನಶ್ಯಾ ಊರಾಗ ಇಲ್ಲಪಾ" ಎಂದು ಕಾಕಾ ಎಲ್ಲರೆದುರಿಗೆ ಹೇಳಿದಾಗ ನನಗೆ ಆಫೀಸಿನಲ್ಲಿ ಎಂದೂ ಆಗದ ಹೆಮ್ಮೆಯಾಯಿತು. ಮೇಲೆ ನಿಂತರೆ ಊರೆಲ್ಲ ಕಾಣುತ್ತದೆ. ಪಕ್ಕದ ಓಣಿಯ ಹೋರಿಯ ಕೊಟ್ಟಿಗೆಯೂ ಕಾಣುತ್ತದೆ. ಬಲಿಪಾಡ್ಯಮಿಗೆ ಕೊಬ್ಬರಿ ಹಾರ ಕಟ್ಟಿ, ಬಲೂನು ಬಿಗಿದು ಓಡಿಸುವ ಹೋರಿ ಅದು. ಅದಕ್ಕೆ ಹುರುಳಿ, ಹತ್ತಿಕಾಳು, ತಗಡಿನ ಸೂರಿನ ಕೆಳಗೆ ಹೊಂಬಣ್ಣದ ಹುಲ್ಲು. ಹಾಲು ಕೊಡುವ ನಮ್ಮ ಎಮ್ಮೆ ಬೇಲಿಯ ಈಚೆಯಿಂದ ಗೋವಿನಜೋಳದ ದಂಟು ಜಗಿಯುತ್ತ ಅದನ್ನು ನೋಡುತ್ತದೆ. ಕೀರ್ತಿವಂತರ ಪಕ್ಕದಲ್ಲಿ ಬದುಕುವುದು ಸುಲಭವಲ್ಲ.

ಬಣವಿಗೆ ಬೇರೊಂದು ಉಪಯೋಗವೂ ಇತ್ತು. ನನ್ನ ಮಾವನವರು ಗದಗ ಸೀಮೆಯವರು. ಮನೆತನ ನೋಡಲು ಬಂದಾಗ ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಹಿತ್ತಲು ನೋಡಿದರು. ತಿಪ್ಪೆ ನೋಡಿದರು, ಬಣವಿಗಳನ್ನು ನೋಡಿ ತಲೆದೂಗಿದರು. ಬೇಸಿಗೆಯ ನಟ್ಟನಡುವೆ ಇಷ್ಟು ಮೇವು ಉಳಿಸಿಕೊಂಡವರು ಮಗಳನ್ನು ಉಪವಾಸ ಕೆಡವಲಾರರು ಎಂಬ ಲೆಕ್ಕ. ಅವುಗಳಲ್ಲಿ ದೊಡ್ಡ ಬಣವಿ ಪಕ್ಕದ ಮನೆಯವರದು. ಎರಡು ಹಿತ್ತಲಿನ ನಡುವೆ ಆಗ ಬೇಲಿ ಇರಲಿಲ್ಲ, ಅಷ್ಟೆ. ಯಾರೂ ಸುಳ್ಳು ಹೇಳಲಿಲ್ಲ; ಕೇಳಲೂ ಇಲ್ಲ. ನನ್ನ ಹೆಂಡತಿ ಈಗಲೂ ಜಗಳ ಎಲ್ಲಿಂದ ಶುರುವಾದರೂ ಆ ಬಣವಿಗೆ ಬಂದು ನಿಲ್ಲುತ್ತಾಳೆ.

2021ರ ನವೆಂಬರನ್ನು ಮಾತ್ರ ನಮ್ಮ ಕಡೆ ಯಾರೂ ನಗುತ್ತ ನೆನೆಯುವುದಿಲ್ಲ. ರಾಜ್ಯದ ತುಂಬ ಹಿಡಿದ ಮಳೆ. ಕೊಯ್ಲಿಗೆ ಬಂದ ಭತ್ತ ಗದ್ದೆಯಲ್ಲೇ ಮಲಗಿ ತೆನೆಯಲ್ಲಿ ಮೊಳಕೆ ಬಿಟ್ಟಿತು. ತಾಡಪತ್ರಿಯ ಕೆಳಗಿನ ಗೋವಿನಜೋಳ ಬಿಸಿಯಾಗಿ, ಮುಚ್ಚಿದ್ದು ತೆಗೆದರೆ ಹುಳಿ ವಾಸನೆ. ನಡುವೆ ಒಂದು ಬಿಸಿಲು ಬಿತ್ತು. ಆ ಬಿಸಿಲಿಗೆ ಊರಿಗೆ ಊರೇ ಹೊಲಕ್ಕೆ ಓಡಿತು. ಅಣ್ಣ ಅರ್ಧಂಬರ್ಧ ಒಣಗಿದ್ದನ್ನೆಲ್ಲ ತಂದು ರಾತ್ರಿಯೊಳಗೆ ಒಟ್ಟಿಸಿದ. ಅತ್ತಿಗೆ ಗೆಣ್ಣು ಗೀರಿ ತೋರಿಸಿದಳು. ಅವನು ನೋಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಕಾಕಾ ಬಂದ. ಮಾತಾಡದೆ ಬಣವಿಯ ಸುತ್ತ ಒಂದು ಸುತ್ತು ಹಾಕಿ, ಅಂಗಿಯ ತೋಳು ಮೇಲಕ್ಕೇರಿಸಿ, ನಡುಮಟ್ಟದಲ್ಲಿ ಕೈಯನ್ನು ಭುಜದವರೆಗೆ ಒಳಗೆ ತೂರಿಸಿದ. ಕಣ್ಣು ಮುಚ್ಚಿ ನಿಂತ. ಹೊರಗೆ ತೆಗೆದ ಕೈ ಬೆವರಿದಷ್ಟು ಒದ್ದೆ. "ಒಳಗ ಸುಡಾಕತ್ತೈತಿ, ಬಿಚ್ಚರಿ" ಎಂದ. ಹಸಿ ಉಳಿದ ಹುಲ್ಲನ್ನು ಬಿಗಿಯಾಗಿ ಒಟ್ಟಿದರೆ ಒಳಗೆ ಬೂಷ್ಟು, ಬ್ಯಾಕ್ಟೀರಿಯಗಳು ಕೆಲಸ ಶುರುಮಾಡುತ್ತವೆ. ಅವುಗಳ ಶಾಖಕ್ಕೆ ಹೊರಗೆ ಹೋಗುವ ದಾರಿ ಇರುವುದಿಲ್ಲ. ಶಾಖ ಏರುತ್ತ ಏರುತ್ತ ಯಾರೂ ಕಡ್ಡಿ ಗೀರದೆಯೇ ಬಣವಿ ಹೊತ್ತಿಕೊಳ್ಳುವುದುಂಟು. ಯುರೋಪಿನ ರೈತರು ಇದಕ್ಕೆ ಕಬ್ಬಿಣದ ಸರಳನ್ನು ಒಳಗಿಟ್ಟು, ಎಳೆದು, ಮುಟ್ಟಿ ನೋಡುತ್ತಾರೆ. ನಮ್ಮಲ್ಲಿ ಕಾಕಾನ ಕೈ. ಚೆನ್ನಾಗಿ ತುಳಿದು ಗಾಳಿಗೆ ಜಾಗವಿಲ್ಲದಂತೆ ಮಾಡಿದ್ದ ನನ್ನ ತೂಕವೂ ಆ ಶಾಖಕ್ಕೆ ತನ್ನ ಪಾಲು ಸಲ್ಲಿಸಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಿಚ್ಚಿದಾಗ ಮೊದಲು ಹಬೆ ಎದ್ದಿತು. ನಡುವಿನ ಹುಲ್ಲು ತಂಬಾಕಿನ ಬಣ್ಣಕ್ಕೆ ತಿರುಗಿ ಸಿಹಿ ಸಿಹಿ ನಾತ ಹೊಡೆಯುತ್ತಿತ್ತು. ಹೊರಗಿನ ಪದರನ್ನು ಉಳಿಸಿಕೊಂಡು ಉಳಿದದ್ದನ್ನು ತಿಪ್ಪೆಗೆ ಹೊತ್ತೆವು. ಆ ಬೇಸಿಗೆ ಹಾನಗಲ್ಲ ಕಡೆಯಿಂದ ಭತ್ತದ ಹುಲ್ಲು ಕೊಂಡು ತಂದೆವು; ಅದೂ ಅರ್ಧ ಕಪ್ಪು. ಹಾವೇರಿಯ ದನದ ಸಂತೆಗೆ ಆ ವರ್ಷ ಒಂದು ಜೋಡಿ ಎತ್ತು ಹೋಯಿತು, ವಾಪಸು ಬರಲಿಲ್ಲ. ಅಣ್ಣನ ಫೋನುಗಳು ಶುರುವಾದದ್ದು ಆಮೇಲೆ.

ಈಗ ಹುಲ್ಲಿನ ಪೆಂಡಿ ಕಟ್ಟುವ ಮಷಿನ್ನು ಬಂದಿದೆ. ಟ್ರ್ಯಾಕ್ಟರಿನ ಹಿಂದೆ ಓಡಿ, ನುಂಗಿ, ಬಿಗಿದು, ಉರುಟು ಪೆಂಡಿ ಉದುರಿಸಿ ಹೋಗುತ್ತದೆ. ಕಾಕಾ ಅವನ್ನು ನೋಡಿ "ಉಳ್ಳಿ ಹೊಕ್ಕಾವ" ಎಂದು ಮುಖ ಸಿಂಡರಿಸಿದ. ಅದಕ್ಕೂ ಬಾಡಿಗೆ ಪಾಳಿ ಇದೆ, ಅದೂ ಮೋಡ ಕವಿದ ದಿನವೇ ಎಲ್ಲರಿಗೂ ಬೇಕು. ಹನುಮನಮಟ್ಟಿಯ ಕೃಷಿ ಕಾಲೇಜಿನಲ್ಲಿ ಓದುವ ಅಣ್ಣನ ಮಗ ರಜೆಗೆ ಬಂದವನು ಇನ್ನೊಂದು ಉಪಾಯ ಹೇಳಿದ: ನೂರು ಕಿಲೊ ಒಣಹುಲ್ಲಿಗೆ ನಾಲ್ಕು ಕಿಲೊ ಯೂರಿಯಾ, ನಾಲ್ಕೈದು ಕೊಡ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲು ಮೆದುವಾಗಿ ಸತ್ವ ಹೆಚ್ಚುತ್ತದೆ. ವಿಧಾನ ಸರಿಯಾದದ್ದೇ. ಅಣ್ಣ ಪೂರ್ತಿ ಕೇಳಿದ. ಕೇಳಿ, "ಒಂದ್ ಹನಿ ಬೀಳಬಾರ್ದಂತ ತಿಂಗಳಗಟ್ಲೆ ನಿದ್ದಿಗೆಟ್ಟೇನಿ. ಈಗ ನಾನ ಕೊಡಾ ಹೊತ್ತು ಹಾಕಲ್ಯಾ?" ಎಂದ. ಅತ್ತಿಗೆ ಒಳಗಿನಿಂದ ನಕ್ಕಿದ್ದು ಕೇಳಿಸಿತು.

ಈ ಸಲವೂ ಸೊಪ್ಪಿ ಇನ್ನೂ ಹೊಲದಲ್ಲೇ ಇದೆ. ಮೊನ್ನೆ ಆಸ್ಪತ್ರೆಗೆ ಹೋಗಿ ರಕ್ತ, ಸಕ್ಕರೆ ಎಲ್ಲ ನೋಡಿಸಿಕೊಂಡು ಬಂದೆ. ಹತ್ತು ಕಿಲೊ ಇಳಿಸಲೇಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಹೆಂಡತಿ ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಅದೇ ಉಸಿರಿನಲ್ಲಿ ಊರಿಗೂ ಫೋನು ಮಾಡಿ ಹೇಳಿದಳು. ಅಣ್ಣ ಗಾಬರಿಯಾದ. ನಿಜವಾಗಿ ಗಾಬರಿಯಾದ. "ಬ್ಯಾನಿ ಏನರ ಐತ್ಯೋ?" ಎಂದು ಕೇಳಿದ. ಇಲ್ಲ, ಬರೇ ತೂಕ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಹಂಗಾರ ಡಾಕ್ಟರಿಗೆ ಹೇಳು," ಎಂದ, "ಬಣವಿ ಒಟ್ಟೂದು ಮುಗೀಲಿ, ಆಮ್ಯಾಲ ಇಳಸ್ತೇನಿ ಅಂತ. ಐತಾರ ಬಂದ್ಬಿಡು. ಅಂದ್ಹಂಗ, ಅಲ್ಲಿ ಮೂಡಣಕ ಹೆಂಗೈತಿ?"